ವಾರ್ಡ್ ಇನ್‌ಚಾರ್ಜ್ ಆದವರಿಗೆ ಏನು ಕಲಿಸಬೇಕು, ಹೇಗೆ ಕಲಿಸಬೇಕು

ಸ್ಟಾಫ್ ನರ್ಸ್ ಒಬ್ಬರು ವಾರ್ಡ್ ಇನ್‌ಚಾರ್ಜ್ ಆಗುವ ರೀತಿ ಹೆಚ್ಚಿನ ಆಸ್ಪತ್ರೆಗಳಲ್ಲಿ ಒಂದೇ. ಹತ್ತು ಹದಿನೈದು ವರ್ಷ ಚೆನ್ನಾಗಿ ಕೆಲಸ ಮಾಡಿದವರಿಗೆ ಹಿರಿತನದ ಮೇಲೆ ಆದೇಶ ಬರುತ್ತದೆ. ಹಿಂದಿನ ಇನ್‌ಚಾರ್ಜ್ ಔಷಧ ಕಪಾಟಿನ ಕೀಲಿ, ಸ್ಟಾಕ್ ರಿಜಿಸ್ಟರ್, ಸಾಮಾನಿನ ಬೇಡಿಕೆ ಬರೆಯುವ ಇಂಡೆಂಟ್ ಬುಕ್, ಮಾರ್ಫಿನ್ ಆಂಪೂಲುಗಳ ಲೆಕ್ಕದ ಪುಸ್ತಕ ಎಲ್ಲವನ್ನೂ ಎಣಿಸಿ ಒಪ್ಪಿಸಿ, ಸಹಿ ಪಡೆದು ಹೋಗುತ್ತಾರೆ. ಸಾಮಾನು ಒಪ್ಪಿಸಲು ಎರಡು ದಿನ ಬೇಕಾಗುತ್ತದೆ. ಇಪ್ಪತ್ತು ಜನರಿಂದ ಕೆಲಸ ತೆಗೆಯುವುದು ಹೇಗೆಂದು ಮಾತ್ರ ಯಾರೂ ಹೇಳಿಕೊಡುವುದಿಲ್ಲ.

ನಿನ್ನೆಯವರೆಗೆ ಅವರ ಪಾಲಿಗಿದ್ದದ್ದು ಆರು ರೋಗಿಗಳು. ಇಂದಿನಿಂದ 30 ಹಾಸಿಗೆ, ಮೂರು ಪಾಳಿಯ ನರ್ಸುಗಳು, ಗ್ರೂಪ್ ಡಿ ಸಿಬ್ಬಂದಿ, ಪೋಸ್ಟಿಂಗಿಗೆ ಬರುವ ವಿದ್ಯಾರ್ಥಿಗಳು, ರೌಂಡ್ಸಿಗೆ ಬರುವ ನಾಲ್ಕು ಯೂನಿಟ್ಟುಗಳ ವೈದ್ಯರು. ಸಿಗದ ರಕ್ತನಾಳಕ್ಕೂ ಒಂದೇ ಸಲಕ್ಕೆ ಕ್ಯಾನುಲಾ (ಡ್ರಿಪ್ ಕೊಡುವ ಸಣ್ಣ ನಳಿಕೆ) ಹಾಕುವ ಕೈಚಳಕ ಇಲ್ಲಿ ಉಪಯೋಗಕ್ಕೆ ಬರುವುದು ಕಡಿಮೆ. ಬಿಎಸ್ಸಿ ನರ್ಸಿಂಗ್ ಪಠ್ಯದಲ್ಲಿ ಮ್ಯಾನೇಜ್‌ಮೆಂಟ್ ವಿಷಯ ಇದೆ ನಿಜ. ಆದರೆ ಅದನ್ನು ಓದುವಾಗ ಇಪ್ಪತ್ತೊಂದರ ಆಸುಪಾಸಿನ ವಯಸ್ಸು. ಬೇಕಾಗುವುದು ಮೂವತ್ತೈದಕ್ಕೆ.

ನಮ್ಮ ಮೂರು ಜಿಲ್ಲೆಗಳಿಗೆ ಒಂದು ಅನುಕೂಲವಿದೆ. ಬೆಳಗಾವಿಯಲ್ಲಿ ಬಿಮ್ಸ್ ಮತ್ತು ಕೆಎಲ್‌ಇ, ಬಾಗಲಕೋಟೆಯಲ್ಲಿ ಬಿವಿವಿ ಸಂಘ, ವಿಜಯಪುರದಲ್ಲಿ ಬಿಎಲ್‌ಡಿಇ ಹೀಗೆ ದೊಡ್ಡ ಬೋಧನಾ ಆಸ್ಪತ್ರೆಗಳಿವೆ, ನರ್ಸಿಂಗ್ ಕಾಲೇಜುಗಳಿಗೂ ಕೊರತೆಯಿಲ್ಲ. ಪಾಠ ಬಲ್ಲ ಎಂಎಸ್ಸಿ ಅಧ್ಯಾಪಕರು ಮತ್ತು ವಾರ್ಡ್ ಬಲ್ಲ ಹಿರಿಯ ಸಿಸ್ಟರುಗಳು ಒಂದೇ ಊರಲ್ಲಿ, ಅನೇಕ ಸಲ ಒಂದೇ ಆವರಣದಲ್ಲಿ ಇದ್ದಾರೆ. ತರಬೇತಿ ನಡೆಸಲು ಹೊರಗಿನಿಂದ ಭಾಷಣಕಾರರನ್ನು ಕರೆಸಬೇಕಿಲ್ಲ. ಈ ಇಬ್ಬರನ್ನು ಒಂದೇ ಕೋಣೆಯಲ್ಲಿ ಕೂರಿಸಬೇಕು.

ಏನು ಕಲಿಸಬೇಕು ಎಂಬುದನ್ನು ಮೊದಲು ನೋಡೋಣ. ನಾಯಕತ್ವ ಎಂದ ಕೂಡಲೇ ವ್ಯಕ್ತಿತ್ವ ವಿಕಸನ, ಆತ್ಮವಿಶ್ವಾಸದ ಮಾತು ಶುರುವಾಗುತ್ತದೆ. ಇನ್‌ಚಾರ್ಜ್‌ಗೆ ಬೇಕಾದದ್ದು ಅದಕ್ಕಿಂತ ಗಟ್ಟಿಯಾದ ಕೆಲವು ಕೌಶಲಗಳು. ಅವುಗಳಲ್ಲಿ ಮೊದಲನೆಯದು ಲೆಕ್ಕ.

ಪಾಳಿ ಪಟ್ಟಿ

ಡ್ಯೂಟಿ ಪಟ್ಟಿ ಹಾಕುವುದು ಗುಮಾಸ್ತಿಕೆ ಎಂದುಕೊಂಡವರೇ ಹೆಚ್ಚು. ವಾಸ್ತವದಲ್ಲಿ ವಾರ್ಡಿನ ಸುರಕ್ಷತೆ, ಸಿಬ್ಬಂದಿಯ ನಂಬಿಕೆ, ಇನ್‌ಚಾರ್ಜಿನ ಮರ್ಯಾದೆ ಮೂರೂ ಆ ಒಂದು ಹಾಳೆಯಲ್ಲಿರುತ್ತವೆ.

30 ಹಾಸಿಗೆಯ ಸಾಮಾನ್ಯ ವಾರ್ಡಿನಲ್ಲಿ ಪ್ರತಿ ಪಾಳಿಗೆ ಆರು ರೋಗಿಗಳಿಗೆ ಒಬ್ಬ ನರ್ಸ್ ಎಂದಿಟ್ಟುಕೊಳ್ಳೋಣ. ಒಂದು ಪಾಳಿಗೆ 5, ಮೂರು ಪಾಳಿಗೆ 15. ಇಲ್ಲಿಗೇ ಲೆಕ್ಕ ಮುಗಿಯಿತು ಎಂದುಕೊಳ್ಳುವುದೇ ಮೊದಲ ತಪ್ಪು. ಒಬ್ಬ ನರ್ಸ್ ವರ್ಷಕ್ಕೆ 365 ದಿನ ಬರುವುದಿಲ್ಲ. ವಾರದ ರಜೆ 52, ಹಬ್ಬದ ರಜೆ ಸುಮಾರು 10, ಸಾಂದರ್ಭಿಕ ಮತ್ತು ಗಳಿಕೆ ರಜೆ ಸೇರಿ ಸುಮಾರು 40 ಕಳೆದರೆ ಉಳಿಯುವುದು 263 ದಿನ. 365ನ್ನು 263ರಿಂದ ಭಾಗಿಸಿದರೆ 1.39. ಅಂದರೆ ಒಂದು ಜಾಗವನ್ನು ವರ್ಷವಿಡೀ ತುಂಬಿಡಲು 1.39 ಜನ ಬೇಕು. 15 ಜಾಗಕ್ಕೆ 21 ಜನ.

ಬೆಳಿಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ 8, ರಾತ್ರಿ 8ರಿಂದ ಬೆಳಿಗ್ಗೆ 8 ಎಂಬ ಪದ್ಧತಿ ಇರುವಲ್ಲಿ ಗಂಟೆಗಳಲ್ಲಿ ಲೆಕ್ಕ ಹಾಕಿದರೂ ಉತ್ತರ ಅಷ್ಟೇ ಬರುತ್ತದೆ. ದಿನದ ಯಾವ ಹೊತ್ತಿಗೂ 5 ಜನ ಎಂದರೆ ವಾರಕ್ಕೆ 840 ಗಂಟೆ. 48 ಗಂಟೆಯ ವಾರಕ್ಕೆ 17.5 ಜನ, ಅದಕ್ಕೆ ರಜೆಯ ಪಾಲು ಸೇರಿಸಿದರೆ ಮತ್ತೆ 21ರ ಹತ್ತಿರ. ರಾತ್ರಿ ಪಾಳಿ 12 ಗಂಟೆಯದ್ದು ಎಂಬುದನ್ನು ಮರೆತು ಅದನ್ನೂ ಒಂದೇ ಡ್ಯೂಟಿ ಎಂದು ಎಣಿಸಿದರೆ, ನೈಟ್ ಮುಗಿಸಿದವರಿಗೆ ಕೊಡಬೇಕಾದ ಆಫ್ ಎಲ್ಲಿಂದ ತರುವುದೆಂದು ತಿಳಿಯದೆ ತಿಂಗಳ ಮೂರನೇ ವಾರದಲ್ಲಿ ಪಟ್ಟಿ ಕುಸಿಯುತ್ತದೆ.

ಈ ಲೆಕ್ಕವನ್ನು ತರಬೇತಿಯಲ್ಲಿ ಪ್ರತಿಯೊಬ್ಬರೂ ತಮ್ಮ ವಾರ್ಡಿನ ಅಂಕಿಗಳಿಂದಲೇ ಮಾಡಬೇಕು. ಏಕೆಂದರೆ ‘ಸ್ಟಾಫ್ ಸಾಲತಿಲ್ಲ ಮೇಡಂ’ ಎಂಬ ಮಾತನ್ನು ಸೂಪರಿಂಟೆಂಡೆಂಟ್ ದಿನಾ ಹತ್ತು ವಾರ್ಡುಗಳಿಂದ ಕೇಳುತ್ತಾರೆ. ‘21 ಬೇಕು, 16 ಇದ್ದೇವೆ, ಕಳೆದ ತಿಂಗಳು ಹನ್ನೊಂದು ರಾತ್ರಿ 30 ರೋಗಿಗಳಿಗೆ ಮೂವರೇ ಇದ್ದೆವು, ಆ ರಾತ್ರಿಗಳ ದಿನಾಂಕ ಇಲ್ಲಿದೆ’ ಎಂದು ಬರೆದುಕೊಟ್ಟರೆ ಅದು ಕಡತಕ್ಕೆ ಹೋಗುತ್ತದೆ. ಹೆರಿಗೆ ರಜೆಯೂ ಹಾಗೆಯೇ. 2017ರ ತಿದ್ದುಪಡಿಯ ನಂತರ ಮೊದಲ ಎರಡು ಹೆರಿಗೆಗೆ 26 ವಾರ ರಜೆ ಇದೆ. ಅದು ನಾಲ್ಕು ತಿಂಗಳು ಮೊದಲೇ ಗೊತ್ತಾಗುವ ಸಂಗತಿ. ಬದಲಿ ಸಿಬ್ಬಂದಿಯ ಕೋರಿಕೆ ಆಗಲೇ ಹೋಗಬೇಕು, ರಜೆ ಶುರುವಾದ ಮೇಲಲ್ಲ.

ಹಾಸಿಗೆ ಎಣಿಸಿದರೆ ಮಾತ್ರ ಸಾಲದು, ರೋಗಿಗೆ ಎಷ್ಟು ಆರೈಕೆ ಬೇಕೆಂಬುದನ್ನೂ ನೋಡಬೇಕು. ನಮ್ಮದು ಹೊಲಗದ್ದೆಯ ಸೀಮೆ. ಮಳೆಗಾಲದಲ್ಲಿ ಹಾವು ಕಡಿತ, ವರ್ಷವಿಡೀ ಕೀಟನಾಶಕದ ವಿಷಬಾಧೆ, ಕಾರ್ಖಾನೆಗಳು ಕಬ್ಬು ನುರಿಸುವ ತಿಂಗಳುಗಳಲ್ಲಿ ಟ್ರ್ಯಾಕ್ಟರ್ ಅಪಘಾತ. ಹಾವು ಕಡಿತಕ್ಕೆ ಮೊದಲ ಕಂತಿನಲ್ಲಿ 10 ವಯಲ್ ಪ್ರತಿವಿಷ ಹೋಗುವಾಗ ನರ್ಸ್ ಪಕ್ಕದಲ್ಲೇ ಇರಬೇಕು, ಅಲರ್ಜಿ ಕಾಣಿಸಿದರೆ ಅಡ್ರಿನಲಿನ್ ಕೈಗೆಟುಕುವಲ್ಲಿ ಇರಬೇಕು, ರಕ್ತ ಹೆಪ್ಪುಗಟ್ಟುವ 20 ನಿಮಿಷದ ಪರೀಕ್ಷೆ ಮರಳಿ ಮಾಡಬೇಕು. ಕೀಟನಾಶಕದ ರೋಗಿಗೆ ವಿಷಕ್ಕೆ ಮದ್ದಾದ ಅಟ್ರೋಪಿನ್ ಏರಿಸುವಾಗ ನಾಡಿ, ಕಣ್ಣಪಾಪೆ, ಎದೆಯ ಸದ್ದು ಇವನ್ನು ಮೊದಮೊದಲು ಕೆಲವು ನಿಮಿಷಗಳಿಗೊಮ್ಮೆ ನೋಡಬೇಕು. ಇಂಥವರು ಇಬ್ಬರಿದ್ದರೆ ಉಳಿದ ನಾಲ್ವರನ್ನು ಅದೇ ನರ್ಸಿಗೆ ಹಂಚಬಾರದು. ತಾನೇ ಓಡಾಡುವ ರೋಗಿಗೆ 1, ನೆರವು ಬೇಕಾದವರಿಗೆ 2, ಬಿಡದೆ ನೋಡಬೇಕಾದವರಿಗೆ 4 ಅಂಕ ಕೊಟ್ಟು, ಪಾಳಿ ಆರಂಭದಲ್ಲಿ ಅಂಕದ ಮೇಲೆ ರೋಗಿಗಳನ್ನು ಹಂಚುವುದು ಸರಳ ವಿಧಾನ. ಇದಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ.

ಪಟ್ಟಿಯಲ್ಲಿ ನ್ಯಾಯ ಕಾಣಬೇಕು. ನಾಗರ ಪಂಚಮಿಗೆ ತವರಿಗೆ ಹೋಗುವುದು ಈ ಭಾಗದ ಹೆಣ್ಣುಮಕ್ಕಳಿಗೆ ಎಷ್ಟು ಮುಖ್ಯವೆಂದು ಎಲ್ಲರಿಗೂ ಗೊತ್ತು. ವಿಜಯಪುರದಲ್ಲಿ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ, ಸವದತ್ತಿ ಕಡೆಯವರಿಗೆ ಯಲ್ಲಮ್ಮನ ಹುಣ್ಣಿಮೆ, ಜೊತೆಗೆ ರಂಜಾನ್, ಕ್ರಿಸ್‌ಮಸ್. ಎಲ್ಲರಿಗೂ ಎಲ್ಲವೂ ಸಿಗುವುದಿಲ್ಲ. ಆದ್ದರಿಂದ ನಿಯಮ ಮೊದಲೇ ಗೋಡೆಯ ಮೇಲಿರಬೇಕು: ರಜೆ ಕೋರಿಕೆ ಪುಸ್ತಕ ಹಿಂದಿನ ತಿಂಗಳ 15ಕ್ಕೆ ಮುಚ್ಚುತ್ತದೆ, ಪಟ್ಟಿ 22ಕ್ಕೆ ಹೊರಬೀಳುತ್ತದೆ, ಈ ವರ್ಷ ಪಂಚಮಿಗೆ ಹೋದವರು ಮುಂದಿನ ವರ್ಷ ಆ ದಿನ ಡ್ಯೂಟಿಗೆ ಇರುತ್ತಾರೆ, ಅದಲುಬದಲು ಮಾಡಿಕೊಂಡರೆ ಇಬ್ಬರ ಸಹಿಯೂ ಇನ್‌ಚಾರ್ಜ್ ಸಹಿಯೂ ಬೇಕು. ಹಿಂದಿನ ವರ್ಷ ಯಾರಿಗೆ ಯಾವ ಹಬ್ಬ ಸಿಕ್ಕಿತೆಂಬ ದಾಖಲೆ ಇರದಿದ್ದರೆ ಪ್ರತಿ ವರ್ಷವೂ ಅದೇ ಜಗಳ, ಪ್ರತಿ ವರ್ಷವೂ ಗಟ್ಟಿ ದನಿಯವರಿಗೇ ರಜೆ.

ಇನ್ನೊಂದು ತಪ್ಪು ಇದಕ್ಕಿಂತ ಅಪಾಯಕಾರಿ. ಹಿರಿಯರು ನೈಟ್ ಬೇಡವೆನ್ನುತ್ತಾರೆಂದು ಹೊಸಬರನ್ನೇ ರಾತ್ರಿಗೆ ಹಾಕುವುದು. ಬೆಳಗಿನ ಜಾವ ಮೂರಕ್ಕೆ ರೋಗಿಯ ಉಸಿರು ಏರುತ್ತಿರುವುದನ್ನು ಕಂಡರೂ ಅದರ ಅರ್ಥ ತಿಳಿಯದ, ತಿಳಿದರೂ ವೈದ್ಯರನ್ನು ಎಬ್ಬಿಸಲು ಹೆದರುವ ಇಬ್ಬರು ಹೊಸಬರು ಮಾತ್ರ ಇರುವ ವಾರ್ಡ್ ಸುರಕ್ಷಿತವಲ್ಲ. ಪ್ರತಿ ರಾತ್ರಿಗೂ ಎರಡು ವರ್ಷಕ್ಕಿಂತ ಹೆಚ್ಚು ಅನುಭವದ ಒಬ್ಬರಾದರೂ ಇರಲೇಬೇಕು. ಈ ವಿಷಯದಲ್ಲಿ ಇನ್‌ಚಾರ್ಜ್ ಸಡಿಲ ಬಿಡಕೂಡದು.

ಹೇಳುವುದು, ಕೇಳಿಸಿಕೊಳ್ಳುವುದು

ರಾತ್ರಿ ಎಂಟಕ್ಕೆ ಒಂದು ಪಾಳಿಯವರು ಮುಂದಿನ ಪಾಳಿಗೆ ರೋಗಿಗಳನ್ನು ಒಪ್ಪಿಸುವ ಹ್ಯಾಂಡೋವರ್ ನೋಡಿ. ಒಬ್ಬರು ರಿಪೋರ್ಟ್ ಪುಸ್ತಕ ಹಿಡಿದು 30 ರೋಗಿಗಳದ್ದನ್ನೂ ಓದುತ್ತಾರೆ, ಉಳಿದವರು ಸುತ್ತ ನಿಲ್ಲುತ್ತಾರೆ. ಮುಕ್ಕಾಲು ಗಂಟೆ ಹೋಗುತ್ತದೆ, ಹತ್ತನೇ ರೋಗಿಯ ನಂತರ ಯಾರ ಗಮನವೂ ಉಳಿಯುವುದಿಲ್ಲ. ಅದರ ಬದಲು ಪ್ರತಿಯೊಬ್ಬರೂ ತಮ್ಮ ಆರು ರೋಗಿಗಳನ್ನು ಹಾಸಿಗೆಯ ಬಳಿಯೇ ಮುಂದಿನವರಿಗೆ ಒಪ್ಪಿಸಿದರೆ, ರೋಗಿಗೆ ಎರಡು ನಿಮಿಷದಂತೆ ಹದಿನೈದು ನಿಮಿಷದೊಳಗೆ ಮುಗಿಯುತ್ತದೆ. ಡ್ರಿಪ್, ಕ್ಯಾಥೆಟರ್, ಡ್ರೆಸ್ಸಿಂಗ್ ಕಣ್ಣೆದುರೇ ಇರುತ್ತವೆ.

ವೈದ್ಯರಿಗೆ ಫೋನ್ ಮಾಡುವುದು ಇನ್ನೂ ಸೂಕ್ಷ್ಮ. ‘ಸರ್, 14ನೇ ಬೆಡ್ ಪೇಶೆಂಟ್ ಯಾಕೋ ಸರಿ ಇಲ್ಲ’ ಎಂದರೆ ‘ನೋಡೋಣ, ಡ್ರಿಪ್ ಹಾಕಿ’ ಎಂಬ ಉತ್ತರ ಬರುತ್ತದೆ. ಎಸ್‌ಬಾರ್ ಎಂಬ ಕ್ರಮದಲ್ಲಿ ನಾಲ್ಕು ಹೆಜ್ಜೆಗಳಿವೆ: ಈಗೇನಾಗಿದೆ, ಹಿನ್ನೆಲೆ ಏನು, ನನಗೇನು ಅನಿಸುತ್ತದೆ, ನಿಮ್ಮಿಂದ ಏನು ಬೇಕು. ಅಮೆರಿಕದ ನೌಕಾಪಡೆಯಿಂದ ಆಸ್ಪತ್ರೆಗೆ ಬಂದ ಪದ್ಧತಿ ಇದು. ಜೊತೆಗೆ ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಪರಿಷ್ಕರಿಸಿದ, ರೋಗಿಯ ಸ್ಥಿತಿ ಹದಗೆಡುವುದನ್ನು ಅಂಕದಲ್ಲಿ ಹೇಳುವ ನ್ಯೂಸ್ 2 ಅಂಕಪಟ್ಟಿಯನ್ನು ಬಳಸಿದರೆ ಅನುಮಾನಕ್ಕೆ ಅಂಕಿಯ ಬಲ ಸಿಗುತ್ತದೆ. ಉಸಿರಾಟ ನಿಮಿಷಕ್ಕೆ 26 ಇದ್ದರೆ 3 ಅಂಕ, ರಕ್ತದ ಆಮ್ಲಜನಕ ಶೇ 93ಕ್ಕೆ 2, ರಕ್ತದೊತ್ತಡದ ಮೇಲಿನ ಅಂಕಿ 98ಕ್ಕೆ 2, ನಾಡಿ 118ಕ್ಕೆ 2, ಜ್ವರ 38.6 ಡಿಗ್ರಿ ಸೆಲ್ಸಿಯಸ್‌ಗೆ 1, ಒಟ್ಟು 10. ಐದಕ್ಕೆ ವೈದ್ಯರು ಬೇಗ ಬಂದು ನೋಡಬೇಕು, ಏಳು ಅಥವಾ ಅದಕ್ಕಿಂತ ಹೆಚ್ಚಾದರೆ ತುರ್ತು. ಆಗ ಫೋನ್ ಹೀಗಿರುತ್ತದೆ: ‘14ನೇ ಹಾಸಿಗೆಯ ರೋಗಿಯ ಸ್ಕೋರ್ 10 ಆಗಿದೆ, ಮಧ್ಯಾಹ್ನ 3 ಇತ್ತು. ಎರಡು ದಿನದ ಹಿಂದೆ ಕರುಳಿನ ಶಸ್ತ್ರಚಿಕಿತ್ಸೆ ಆಗಿದೆ. ಸೋಂಕು ರಕ್ತಕ್ಕೆ ಹಬ್ಬುತ್ತಿದೆ ಅನಿಸುತ್ತದೆ. ಹತ್ತು ನಿಮಿಷದಲ್ಲಿ ಬಂದು ನೋಡಿ.’ ಕೊನೆಯ ವಾಕ್ಯವೇ ನಮ್ಮವರ ಬಾಯಿಗೆ ಬರುವುದಿಲ್ಲ. ವೈದ್ಯರಿಗೆ ನಾವು ಹೇಳುವುದೇ ಎಂಬ ಸಂಕೋಚ. ಅದನ್ನು ಜೋರಾಗಿ, ಎದುರಿಗೊಬ್ಬರನ್ನು ಕೂರಿಸಿಕೊಂಡು ಅಭ್ಯಾಸ ಮಾಡಿಸಬೇಕು. ಹೊಸ ವೈದ್ಯರನ್ನೂ ಆ ಅಭ್ಯಾಸಕ್ಕೆ ಕರೆದರೆ ಇನ್ನೂ ಒಳ್ಳೆಯದು.

ತಪ್ಪು ಬೆಳಕಿಗೆ ಬರುವ ವಾರ್ಡ್

ಇಡೀ ತರಬೇತಿಯಲ್ಲಿ ಅತಿ ಹೆಚ್ಚು ಹೊತ್ತು ಕೊಡಬೇಕಾದ ಭಾಗ ಇದು.

1990ರ ದಶಕದಲ್ಲಿ ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಯ ವಾರ್ಡುಗಳಲ್ಲಿ ಔಷಧದ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ನಾಯಕತ್ವ, ಒಳ್ಳೆಯ ತಂಡ ಇರುವ ವಾರ್ಡುಗಳಲ್ಲಿ ತಪ್ಪು ಕಡಿಮೆ ಇರುತ್ತದೆಂದು ಅವರು ಭಾವಿಸಿದ್ದರು. ಅಂಕಿ ಉಲ್ಟಾ ಬಂತು, ಅಂಥ ವಾರ್ಡುಗಳಲ್ಲೇ ಹೆಚ್ಚು ತಪ್ಪು ದಾಖಲಾಗಿತ್ತು. ಕೆದಕಿ ನೋಡಿದಾಗ ಕಾರಣ ತಿಳಿಯಿತು. ಅಲ್ಲಿಯ ನರ್ಸುಗಳು ತಪ್ಪನ್ನು ಹೇಳಲು ಹೆದರುತ್ತಿರಲಿಲ್ಲ. ಇನ್‌ಚಾರ್ಜಿಗೆ ಅಂಜುವ ವಾರ್ಡುಗಳಲ್ಲಿ ತಪ್ಪು ಒಳಗೇ ಉಳಿಯುತ್ತಿತ್ತು.

ಇದನ್ನು ನಮ್ಮ ವಾರ್ಡಿಗೆ ತಂದು ನೋಡಿ. ಪೊಟ್ಯಾಸಿಯಂ ಕ್ಲೋರೈಡಿನ ಆಂಪೂಲನ್ನು ಬೇರೆ ಔಷಧವೆಂದು ಕೈಗೆತ್ತಿಕೊಂಡು, ಸಿರಿಂಜಿಗೆ ಎಳೆಯುವ ಮುನ್ನ ಹೆಸರು ಓದಿ ನಿಲ್ಲಿಸಿದ ನರ್ಸ್ ಅದನ್ನು ಇನ್‌ಚಾರ್ಜಿಗೆ ಹೇಳುತ್ತಾಳೆಯೇ? ಹೇಳಿದರೆ ಆ ಆಂಪೂಲುಗಳನ್ನು ಬೇರೆ ಕೀಲಿಯ ಡಬ್ಬಿಗೆ, ಕೆಂಪು ಲೇಬಲ್ ಹಚ್ಚಿ, ಅವತ್ತೇ ಸರಿಸಬಹುದು. ಹೇಳದಿದ್ದರೆ ಅದೇ ಕಪಾಟಿನಿಂದ ಇನ್ನೊಬ್ಬರು ಇನ್ನೊಂದು ರಾತ್ರಿ ತೆಗೆಯುತ್ತಾರೆ. ನೇರವಾಗಿ ರಕ್ತನಾಳಕ್ಕೆ ಹೋದರೆ ಅದು ಹೃದಯವನ್ನೇ ನಿಲ್ಲಿಸುವ ಔಷಧ.

ಹೇಳುವುದು, ಹೇಳದಿರುವುದು ಇನ್‌ಚಾರ್ಜಿನ ಮೊದಲ ವಾಕ್ಯದ ಮೇಲೆ ನಿಂತಿದೆ. ‘ಯಾರು ಮಾಡಿದ್ದು?’ ಎಂದು ಕೇಳಿದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ. ‘ರೋಗಿ ಈಗ ಹೇಗಿದ್ದಾರೆ? ಏನಾಯಿತು?’ ಎಂದು ಶುರು ಮಾಡಬೇಕು. ಕ್ರಮ ಇಷ್ಟೇ: ಮೊದಲು ರೋಗಿಯನ್ನು ನೋಡುವುದು, ವೈದ್ಯರಿಗೆ ತಿಳಿಸುವುದು, ಅದೇ ಪಾಳಿಯಲ್ಲಿ ಘಟನೆಯ ವರದಿ ಬರೆಯುವುದು, ಎರಡು ಮೂರು ದಿನದೊಳಗೆ ತಂಡದೊಂದಿಗೆ ಕೂತು ಏಕೆ ಆಯಿತೆಂದು ಹುಡುಕುವುದು.

ಹಾಗೆಂದು ಎಲ್ಲವನ್ನೂ ಕ್ಷಮಿಸಬೇಕೆಂದಲ್ಲ. ಕೈತಪ್ಪು ಬೇರೆ, ಅವಸರಕ್ಕೆ ಹಿಡಿದ ಅಡ್ಡದಾರಿ ಬೇರೆ, ಗೊತ್ತಿದ್ದೂ ಮಾಡಿದ ವಂಚನೆ ಬೇರೆ. ಈ ಮೂರನ್ನು ಬೇರ್ಪಡಿಸುವುದನ್ನೇ ತರಬೇತಿ ಕಲಿಸಬೇಕು. ಚಾರ್ಟಿನಲ್ಲಿ 30 ರೋಗಿಗಳ ಉಸಿರಾಟವೂ 20, ರಕ್ತದೊತ್ತಡವೂ 120/80 ಎಂದು ಸಾಲಾಗಿ ಇದ್ದರೆ ಅಳತೆ ಮಾಡಿಲ್ಲವೆಂದೇ ಅರ್ಥ. ಅದು ರೋಗಿಯ ಜೀವಕ್ಕೆ ತರುವ ಅಪಾಯ, ಸುಮ್ಮನಿರುವಂತಿಲ್ಲ. ಆದರೆ ಕ್ರಮಕ್ಕೆ ಮೊದಲು ಇನ್‌ಚಾರ್ಜ್ ಎರಡು ಪ್ರಶ್ನೆ ಕೇಳಬೇಕು. ವಾರ್ಡಿನಲ್ಲಿ ಕೆಲಸ ಮಾಡುವ ಬಿಪಿ ಯಂತ್ರ ಎಷ್ಟಿವೆ? ಆ ಪಾಳಿಯಲ್ಲಿ ಎಷ್ಟು ಜನ ಇದ್ದರು? ಐವರಿಗೆ ಒಂದೇ ಯಂತ್ರವಿದ್ದು, ಅದರ ಪಟ್ಟಿಯೂ ಹರಿದಿದ್ದರೆ ಮೆಮೊ ಕೊಟ್ಟು ಸುಳ್ಳು ಚಾರ್ಟನ್ನು ನಿಲ್ಲಿಸಲಾಗದು. ಯಂತ್ರ ಸರಿಯಿದ್ದು, ಜನರೂ ಇದ್ದು, ಎಚ್ಚರಿಸಿದ ಮೇಲೂ ಮುಂದುವರಿದರೆ ಮೆಮೊ ಕೊಡುವುದೇ ಸರಿ.

ಎಚ್ಚರಿಸುವ ಮಾತೇ ಅನೇಕರಿಗೆ ಕಠಿಣ. ನಿನ್ನೆಯವರೆಗೆ ಜೊತೆಗೆ ಬುತ್ತಿ ಬಿಚ್ಚಿ ಉಂಡವರಿಗೆ ಇಂದು ತಡವಾಗಿ ಬರಬೇಡಿ ಎನ್ನುವುದು ಹೇಗೆ? ಬಹಳ ಜನ ತಿಂಗಳುಗಟ್ಟಲೆ ನುಂಗಿಕೊಂಡು, ಒಂದು ದಿನ ರೋಗಿಗಳ ಸಂಬಂಧಿಕರ ಎದುರೇ ಸಿಡಿಯುತ್ತಾರೆ. ಕಲಿಸಬೇಕಾದದ್ದು ಇದು: ಘಟನೆಯ ಎರಡು ದಿನದೊಳಗೆ, ಬಾಗಿಲು ಮುಚ್ಚಿ, ದಿನಾಂಕ ಮತ್ತು ಸಮಯ ಹೇಳಿ, ಅದರಿಂದ ಯಾರಿಗೆ ಏನು ತೊಂದರೆಯಾಯಿತೆಂದು ಹೇಳಿ, ನಂತರ ಕೇಳಿಸಿಕೊಳ್ಳುವುದು. ‘ನೀನು ಯಾವಾಗಲೂ ಲೇಟ್’ ಎನ್ನಬಾರದು. ‘ಸೋಮವಾರ, ಬುಧವಾರ 8.40ಕ್ಕೆ ಬಂದಿರಿ, ನೈಟಿನವರು ಹುಕ್ಕೇರಿ ಬಸ್ ತಪ್ಪಿಸಿಕೊಂಡರು’ ಎನ್ನಬೇಕು. ಉತ್ತರ ಮನೆಯ ಕಷ್ಟವಿರಬಹುದು, ಪಾಳಿ ಬದಲಿಸಿದರೆ ಮುಗಿಯಬಹುದು. ಏನು ಒಪ್ಪಿಕೊಂಡೆವು, ಮತ್ತೆ ಎಂದು ಕೂರುವುದು ಎಂಬುದನ್ನು ಒಂದು ಸಾಲಿನಲ್ಲಿ ಬರೆದಿಡಬೇಕು.

ರೋಗಿಗಳ ಕಡೆಯವರ ವಿಷಯ ಚಿಕ್ಕದಾಗಿ ಹೇಳುವೆವು. ಕುಟುಂಬದಿಂದ ಒಬ್ಬರನ್ನೇ ಮಾತಿಗೆ ಗೊತ್ತು ಮಾಡಿಕೊಂಡು ದಿನಕ್ಕೆರಡು ಸಲ ನಿಗದಿತ ಹೊತ್ತಿಗೆ ಅವರಿಗೆ ತಿಳಿಸಿದರೆ ಅರ್ಧ ಗದ್ದಲ ಕಡಿಮೆಯಾಗುತ್ತದೆ. ಬೆಳಗಾವಿಯಲ್ಲಿ ಮರಾಠಿ, ವಿಜಯಪುರದಲ್ಲಿ ಉರ್ದು ಬಲ್ಲ ಒಬ್ಬರು ಪ್ರತಿ ಪಾಳಿಯಲ್ಲಿದ್ದರೆ ಇನ್ನಷ್ಟು ಕಡಿಮೆ. ಕೈಮಾಡುವ ಮಟ್ಟಕ್ಕೆ ಹೋದರೆ ಆಸ್ಪತ್ರೆ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯುವ 2009ರ ಕರ್ನಾಟಕ ಕಾಯ್ದೆ ವೈದ್ಯರಷ್ಟೇ ನರ್ಸುಗಳನ್ನೂ ರಕ್ಷಿಸುತ್ತದೆ. ಸೆಕ್ಯುರಿಟಿಯ ಮತ್ತು ಠಾಣೆಯ ನಂಬರ್ ಡೆಸ್ಕಿನ ಮೇಲಿರಲಿ.

ಎರಡು ದಿನದ ವರ್ಕ್‌ಶಾಪ್ ಏಕೆ ಸಾಲದು

ಬ್ಯಾಗು, ಪೆನ್ನು, ಊಟ, ಪ್ರಮಾಣಪತ್ರ. ಮೂರನೇ ದಿನ ಅದೇ ವಾರ್ಡ್, ಅದೇ ಕೊರತೆ. ಕೇಳಿದ್ದನ್ನು ಮಾಡಿ ನೋಡಲು ಸಮಯವಿಲ್ಲ, ಮಾಡಿ ಸೋತರೆ ಕೇಳಲು ಯಾರೂ ಇಲ್ಲ. ಇಂಥ ಕೌಶಲ ನಿಲ್ಲಬೇಕಾದರೆ ಕಲಿಕೆ ವಾರ್ಡಿನ ಕೆಲಸದ ನಡುವೆಯೇ ಹಲವು ತಿಂಗಳು ಹಬ್ಬಿರಬೇಕು.

ನಮ್ಮ ಜಿಲ್ಲೆಗಳ ಆಸ್ಪತ್ರೆಗಳಿಗೆ ಒಗ್ಗುವ ಅಳತೆ ಹೀಗಿರಬಹುದು: ಒಂದು ತಂಡದಲ್ಲಿ 12 ಜನ, ಆರು ತಿಂಗಳು, ಹದಿನೈದು ದಿನಕ್ಕೊಮ್ಮೆ ಮೂರು ಗಂಟೆ, ಒಟ್ಟು 12 ಕೂಟ, 36 ಗಂಟೆ. ಹನ್ನೆರಡಕ್ಕಿಂತ ಹೆಚ್ಚಾದರೆ ಎಲ್ಲರಿಗೂ ಅಭ್ಯಾಸದ ಸರದಿ ಬರುವುದಿಲ್ಲ. ಈ ಮೂರು ಗಂಟೆ ಡ್ಯೂಟಿಯ ಭಾಗವಾಗಿರಬೇಕು, ಪಾಳಿ ಪಟ್ಟಿಯಲ್ಲಿ ಹಾಗೆಂದು ನಮೂದಾಗಬೇಕು, ವಾರ್ಡಿಗೆ ಬದಲಿ ಇರಬೇಕು. ಡ್ಯೂಟಿ ಮುಗಿದ ಮೇಲೆ ಬನ್ನಿ ಎಂದರೆ ಮಕ್ಕಳನ್ನು ಶಾಲೆಯಿಂದ ಕರೆತರಬೇಕಾದವರು ಮೂರನೇ ಕೂಟಕ್ಕೇ ನಿಲ್ಲುತ್ತಾರೆ. ಪ್ರತಿಯೊಬ್ಬರಿಗೂ ಬೇರೆ ವಾರ್ಡಿನ ಅನುಭವಿ ಇನ್‌ಚಾರ್ಜ್ ಒಬ್ಬರು ಮಾರ್ಗದರ್ಶಕರು, ತಿಂಗಳಿಗೊಮ್ಮೆ ಒಂದು ಗಂಟೆ ಅವರ ವಾರ್ಡಿಗೇ ಬಂದು ಹ್ಯಾಂಡೋವರ್ ನೋಡಿ, ಪಾಳಿ ಪಟ್ಟಿ ನೋಡಿ ಮಾತಾಡಬೇಕು. ಸ್ವಂತ ಮೇಲಧಿಕಾರಿಯನ್ನು ಮಾರ್ಗದರ್ಶಕರಾಗಿ ಕೊಡಬಾರದು. ವರ್ಷದ ವರದಿ ಬರೆಯುವವರ ಮುಂದೆ ಯಾರೂ ತಮಗೆ ಬರುವುದಿಲ್ಲ ಎನ್ನುವುದಿಲ್ಲ.

ಜೊತೆಗೆ ಒಂದು ಸಣ್ಣ ಸುಧಾರಣೆಯ ಕೆಲಸ. ಹೆರಿಗೆ ಕೋಣೆಗಳಿಗಾಗಿ ಕೇಂದ್ರ ಸರ್ಕಾರ 2017ರಲ್ಲಿ ತಂದ ಲಕ್ಷ್ಯ ಕಾರ್ಯಕ್ರಮದಲ್ಲಿ ಎರಡು ತಿಂಗಳ ಸುಧಾರಣಾ ಸುತ್ತುಗಳಿವೆ. ಆ ಅಳತೆ ಇಲ್ಲಿಗೂ ಹೊಂದುತ್ತದೆ. ಉದಾಹರಣೆಗೆ, ಕ್ಯಾನುಲಾ ಹಾಕಿದ ಜಾಗ ಕೆಂಪಾಗಿ ಊದಿಕೊಳ್ಳುವುದು. ಎರಡು ವಾರ ದಿನಕ್ಕೆ ಹತ್ತು ರೋಗಿಗಳ ಕೈ ನೋಡಿ ಎಣಿಸುವುದು, ಒಂದು ಬದಲಾವಣೆ ಮಾಡುವುದು (ಕ್ಯಾನುಲಾ ಮೇಲೆ ದಿನಾಂಕ ಬರೆದು ಪ್ರತಿ ಪಾಳಿಯಲ್ಲಿ ನೋಡುವುದು), ಮತ್ತೆ ಎಣಿಸುವುದು. ಹೊಸ ಯಂತ್ರ, ಟೆಂಡರ್ ಬೇಕಾಗುವ ವಿಷಯ ಆರಿಸಿಕೊಂಡವರು ಆರು ತಿಂಗಳಾದರೂ ಇಂಡೆಂಟಿನಲ್ಲೇ ಇರುತ್ತಾರೆ. ತನ್ನ ಕೈಯಳತೆಯಲ್ಲಿ ಇರುವುದನ್ನೇ ಹಿಡಿಯಬೇಕು.

ಫಲವನ್ನು ಅಳೆಯಲು ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಮುಂದಿಟ್ಟ ನಾಲ್ಕು ಹಂತ ಇಂದಿಗೂ ಉಪಯುಕ್ತ: ಕಲಿತವರಿಗೆ ಹಿಡಿಸಿತೇ, ಏನು ಕಲಿತರು, ಕೆಲಸದಲ್ಲಿ ನಡವಳಿಕೆ ಬದಲಾಯಿತೇ, ರೋಗಿಗೆ ಮತ್ತು ಸಂಸ್ಥೆಗೆ ಏನಾಯಿತು. ಹೆಚ್ಚಿನ ತರಬೇತಿಗಳು ಮೊದಲ ಹಂತದ ಫೀಡ್‌ಬ್ಯಾಕ್ ಫಾರ್ಮಿನಲ್ಲೇ ಮುಗಿಯುತ್ತವೆ. ನೋಡಬೇಕಾದದ್ದು ಮೂರನೆಯದನ್ನು. ಮೂರು ತಿಂಗಳ ನಂತರ ಐದು ಹ್ಯಾಂಡೋವರ್ ಕೇಳಿ ಅಂಕ ಕೊಡಿ, ಪಾಳಿ ಪಟ್ಟಿ ಯಾವ ದಿನಾಂಕಕ್ಕೆ ಹೊರಬಿತ್ತು ನೋಡಿ, ಅನುಭವಿ ನರ್ಸ್ ಇಲ್ಲದ ರಾತ್ರಿ ಎಷ್ಟಿದ್ದವೆಂದು ಎಣಿಸಿ.

ಒಂದು ಅಂಕಿಯ ಬಗ್ಗೆ ಮಾತ್ರ ಎಚ್ಚರ ಬೇಕು. ತರಬೇತಿ ಫಲಿಸಿದರೆ ಮೊದಲ ತಿಂಗಳುಗಳಲ್ಲಿ ತಪ್ಪುಗಳ ವರದಿ ಏರುತ್ತದೆ. ಎಡ್ಮಂಡ್‌ಸನ್ ಕಂಡದ್ದೇ ಅದು. ಇದನ್ನು ತಿಳಿಯದ ಆಡಳಿತ ‘ನಿಮ್ಮ ವಾರ್ಡಿನಲ್ಲೇ ಏಕೆ ಇಷ್ಟು?’ ಎಂದು ಒಂದು ಕಾರಣ ಕೇಳುವ ನೋಟಿಸು ಕಳಿಸಿದರೆ ಆರು ತಿಂಗಳ ಕೆಲಸ ಅಂದೇ ಹಾಳು. ಅದಕ್ಕೇ ಮೊದಲ ಕೂಟಕ್ಕಿಂತ ಮೊದಲು ನರ್ಸಿಂಗ್ ಸೂಪರಿಂಟೆಂಡೆಂಟ್ ಮತ್ತು ವೈದ್ಯಕೀಯ ಅಧೀಕ್ಷಕರೊಂದಿಗೆ ಎರಡು ಗಂಟೆ ಕೂತು ಮೂರು ವಿಷಯ ಬರಹದಲ್ಲಿ ಒಪ್ಪಿಸಿಕೊಳ್ಳಬೇಕು. ಸ್ವತಃ ಹೇಳಿಕೊಂಡ ತಪ್ಪಿನ ವರದಿಯನ್ನು ಶಿಕ್ಷೆಗೆ ಬಳಸುವುದಿಲ್ಲ. ಇನ್‌ಚಾರ್ಜಿನ ಲಿಖಿತ ಕೋರಿಕೆಗೆ, ಆಗುವುದಿಲ್ಲ ಎಂದಾದರೂ, ಏಳು ದಿನದೊಳಗೆ ಉತ್ತರ ಕೊಡುತ್ತೇವೆ. ಒಮ್ಮೆ ಹೊರಬಿದ್ದ ಪಾಳಿ ಪಟ್ಟಿಯನ್ನು ಯಾರದೋ ಫೋನ್ ಬಂತೆಂದು ಮೇಲಿನಿಂದ ತಿದ್ದುವುದಿಲ್ಲ. ಈ ಮೂರನೆಯದಕ್ಕೆ ಸಹಿ ಸಿಗುವವರೆಗೆ ತಂಡದ ಮೊದಲ ಕೂಟದ ದಿನಾಂಕ ಗೊತ್ತು ಮಾಡದಿರುವುದು ಒಳ್ಳೆಯದು.